ಕೂಸಿನ ಅರಿವಿ ಒಗೆದ ಬಸವಣ್ಣೆಪ್ಪ

ಯುದ್ಧ ಎಲ್ಲೋ ಸಮುದ್ರದಾಚೆ ನಡೆದಿತ್ತು. ತಿಳವಳ್ಳಿಯ ಜನಕ್ಕೆ ಅದು ತಟ್ಟಿದ್ದು ಸೀಮೆಎಣ್ಣೆಯ ಡಬ್ಬಿಯಲ್ಲಿ, ಆಮೇಲೆ ಮೈಮೇಲಿನ ಬಟ್ಟೆಯಲ್ಲಿ. ಅಂಗಡಿಗಳಲ್ಲಿ ಅರಿವಿಯೇ ಇರಲಿಲ್ಲ. ರೇಷನ್ ಕಾರ್ಡಿನ ಮೇಲೆ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ತುಂಡು ಗೋಣಿಚೀಲದ ತಮ್ಮನಂತಿರುತ್ತಿತ್ತು. ಹೆಂಗಸರು ಹರಿದ ಎರಡು ಸೀರೆ ಜೋಡಿಸಿ ಒಂದು ಮಾಡಿಕೊಂಡು ಉಡುತ್ತಿದ್ದರು. ಅಂಥ ವರ್ಷದ ಆಷಾಢದಲ್ಲಿ, ಹಿಡಿದ ಮಳೆ ಬಿಡದೆ ಸುರಿಯುತ್ತಿದ್ದಾಗ, ವೀರವ್ವನ ಸೊಸೆ ಹಾಲವ್ವ ಹೆಣ್ಣು ಹೆತ್ತಳು.

ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕಾದದ್ದು. ಆದರೆ ಹಾಲವ್ವನಿಗೆ ತಾಯಿ ಇರಲಿಲ್ಲ. ಹಿರೇಬೆಂಡಿಗೇರಿಯ ತವರುಮನೆಯಲ್ಲಿ ಇದ್ದವರು ಅಪ್ಪ ಮತ್ತು ಮದುವೆಯಾಗದ ತಮ್ಮಂದಿರು. “ಬರೇ ಗಂಡಸರಿರೋ ಮನ್ಯಾಗ ಬಾಣಂತನ ಹೆಂಗ ಆಕ್ಕೈತಿ? ನಮ್ಮಲ್ಲೇ ಆಗಲಿ” ಎಂದು ವೀರವ್ವನೇ ಸೊಸೆಯನ್ನು ಇಟ್ಟುಕೊಂಡಿದ್ದಳು.

ಬಾಣಂತನದಲ್ಲಿ ವೀರವ್ವನ ಕೈ ಇಡೀ ಓಣಿಗೆ ಗೊತ್ತಿದ್ದ ಕೈ. ಸೊಸೆ ಬಸುರಿ ಎಂದು ತಿಳಿದ ದಿನದಿಂದಲೇ ಅವಳು ಕೂಸಿಗೆ ಬೇಕಾದದ್ದನ್ನೆಲ್ಲ ಒಂದೊಂದಾಗಿ ಕೂಡಿಸುತ್ತ ಬಂದಿದ್ದಳು. ಒಗೆದೊಗೆದು ಬೆಣ್ಣೆಯಾದ ಹಳೆಯ ಸೀರೆಯ ತುಂಡುಗಳನ್ನು ಅಂಚು ಹೊಲಿದು ಮಡಿಸಿಟ್ಟಿದ್ದಳು. ಅಡಿಗೆ ಹಾಸಲು ಕಂಬಳಿಯ ತುಂಡು, ಮೇಲೆ ಹೊದಿಸಲು ಪುಟ್ಟ ಕೌದಿ, ತಲೆಗೆ ಸಾಸಿವೆ ತುಂಬಿದ ದಿಂಬು, ಗಡಿಗೆಯಲ್ಲಿ ಕಾಸಿ ಸೋಸಿದ ಔಡಲೆಣ್ಣೆ, ಹೊಗೆ ಹಾಕಲು ಲೋಬಾನ, ತೇಯಲು ಬಜೆ. ಯಾವುದಕ್ಕೂ ಯಾರ ಮನೆಗೂ ಹೋಗಬೇಕಾಗಿರಲಿಲ್ಲ.

ಕೊರತೆ ಬಿದ್ದದ್ದು ಕೆಲಸ ಮಾಡುವ ಕೈಗೆ. ಕೂಸು ಹುಟ್ಟಿ ಇನ್ನೂ ವಾರ ತುಂಬಿರಲಿಲ್ಲ. ನೀರೊಲೆಗೆ ಕಟ್ಟಿಗೆ ತರಲು ಹಿತ್ತಿಲಿಗೆ ಹೋದ ವೀರವ್ವ ಹಾವಸೆಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟಿನ ಹತ್ತಿರ ಲಟ್ಟೆಂದಿತು. ಎಲುಬು ಕೂಡಿಸುವವನು ಬಂದು ಎಳೆದು, ಬಿದಿರಿನ ಸೀಳು ಇಟ್ಟು ಕಟ್ಟಿ, ಕೈಯನ್ನು ಕೊರಳಿಗೆ ಜೋತುಹಾಕಿ ಹೋದ. ಅದರ ಬೆನ್ನಿಗೇ ಹಾಲವ್ವನಿಗೆ ಜ್ವರ ಏರಿತು. ಮೈ ಕೆಂಡ, ಮಾತು ಅಡ್ಡಾದಿಡ್ಡಿ. ಮಗ ಬಸವಣ್ಣೆಪ್ಪ ಕೆಸರಲ್ಲಿ ಚಕ್ಕಡಿ ಹೊಡೆದುಕೊಂಡು ಹಾನಗಲ್ಲಿಗೆ ಹೋಗಿ ಡಾಕ್ಟರರನ್ನು ಕರೆತಂದ. ಅವರು ಬಿಳಿ ಗುಳಿಗೆ ಕೊಟ್ಟು, ಬಾಣಂತಿ ಹಾಸಿಗೆ ಬಿಟ್ಟು ಏಳಕೂಡದು, ತಣ್ಣೀರು ಮುಟ್ಟಕೂಡದು, ಜ್ವರ ಇಳಿಯುವ ತನಕ ಕೂಸಿಗೆ ಬೇರೆಯವರ ಹಾಲು ಸಿಕ್ಕರೆ ಒಳ್ಳೆಯದು ಎಂದರು. ಹೆರಿಗೆ ಮಾಡಿಸಿದ ಕರೆವ್ವ ಹಿರೇಕೆರೂರ ಕಡೆ ಇನ್ನೊಂದು ಹೆರಿಗೆಗೆ ಹೋದವಳು, ಹಳ್ಳ ಬಂದು ದಾರಿ ಕಟ್ಟಿ ಅಲ್ಲೇ ಉಳಿದಿದ್ದಳು.

ನೆರೆಮನೆಯ ಉಡಚವ್ವ ಮೊಲೆಗೂಸಿನ ತಾಯಿ. ಕೇಳುವ ಮೊದಲೇ ಬಂದು ಕೂಸನ್ನು ಎದೆಗೆ ಹಾಕಿಕೊಂಡಳು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಗದ್ದೆಯಿಂದ ಓಡಿಬಂದು ಒಮ್ಮೆ, ಸಂಜೆ ಮತ್ತೊಮ್ಮೆ ಹಾಲು ಕೊಡುತ್ತಿದ್ದಳು. ನಡುವೆ ಕೂಸು ಬಾಯಿ ಬಿಟ್ಟರೆ ವೀರವ್ವ ಆಕಳ ಹಾಲಿಗೆ ನೀರು ಬೆರೆಸಿ ಕಾಸಿ, ಹಾಲೂಡಿಸುವ ಪುಟ್ಟ ಒಳಲೆಯಲ್ಲಿ ಹನಿಹನಿ ಕುಡಿಸುತ್ತಿದ್ದಳು. ಅಷ್ಟು ಎಡಗೈಗೆ ಸಾಧ್ಯವಿತ್ತು. ಆದರೆ ನಾಟಿಯ ಹಂಗಾಮು. ಉಡಚವ್ವ ಇಡೀ ದಿನ ಇಲ್ಲಿ ಕೂಡುವಂತಿರಲಿಲ್ಲ. ಹಾಲಿನದೇನೋ ನಡೆಯಿತು. ಉಳಿದದ್ದು ಅರಿವಿಯದು.

ಆ ಬೆಳಗ್ಗೆ ಉಡಚವ್ವ ಹೋದ ಸ್ವಲ್ಪ ಹೊತ್ತಿಗೆ ಕೂಸು ಚೀರತೊಡಗಿತು. ವೀರವ್ವ ಎಡಗೈಯಿಂದ ಕೌದಿ ಸರಿಸಿ ನೋಡಿದಳು. ತೊಯ್ದು ತೊಪ್ಪೆಯಾಗಿತ್ತು. ಒಂದೇ ಕೈಯಲ್ಲಿ ಗಂಟು ಬಿಚ್ಚಲು ಹೋದರೆ ಗಂಟು ಬಿಚ್ಚಲಿಲ್ಲ, ಕಾಲು ಎತ್ತಿದರೆ ಅರಿವಿ ಎಳೆಯಲು ಕೈಯಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಬಾಗಿಲಲ್ಲಿ ನೆರಳು ಬಿತ್ತು.

“ಯವ್ವಾ, ಯಾಕ ಅಳಾಕತ್ತೈತಿ?”

ಬಸವಣ್ಣೆಪ್ಪ ಹೊಸ್ತಿಲಾಚೆಯೇ ನಿಂತಿದ್ದ. ಬಾಣಂತಿಯ ಕೋಣೆಯ ಹೊಸ್ತಿಲು ಗಂಡಸರು ದಾಟುವುದಲ್ಲ. ಮಗಳನ್ನು ಅವನು ಅಷ್ಟು ದೂರದಿಂದಲೇ ನೋಡಿದ್ದ. ಆಳು ಎತ್ತರ, ಹೆಗಲು ಅಗಲ. ಹರೆಯದಲ್ಲಿ ಗುಂಡುಕಲ್ಲು ಎತ್ತಿ ಸೈ ಅನ್ನಿಸಿಕೊಂಡವ. ಮಾತು ಮಾತ್ರ ಅಳತೆಯದು.

“ತೊಯ್ಸಿಕೊಂಡೈತಿ. ನನ್ನ ಕೈಲೆ ಆಗವಲ್ದು. ಯಾರನ್ನರ ಹೆಣ್ಮಕ್ಕಳನ್ನ ಕರಕೊಂಡ ಬಾ ಹೋಗು.”

“ಯಾರನ್ನ ಕರೀಲಿ? ಓಣ್ಯಾಗಿನವ್ರೆಲ್ಲಾ ಗದ್ದ್ಯಾಗ ಇಳದಾರ.”

“ಹಂಗಾದ್ರ ಏನ್ ಮಾಡ್ಲೋ ತಮ್ಮಾ?”

ಬಸವಣ್ಣೆಪ್ಪ ಅಂಗಿಯ ತೋಳು ಮೇಲೇರಿಸಿದ. ಕೂಸು ಉಸಿರು ಕಟ್ಟಿ ಅಳುತ್ತಿತ್ತು. “ನೀ ಹೇಳ್ಕೊಂತ ಹೋಗಬೇ, ನಾ ಮಾಡ್ತೇನಿ” ಎಂದು ಬಚ್ಚಲಿಗೆ ಹೋಗಿ ಮೊಳಕೈ ತನಕ ತಿಕ್ಕಿ ತೊಳೆದುಕೊಂಡು ಬಂದ. ಹೊಸ್ತಿಲು ದಾಟಿ ಒಳಗೆ ಬಂದವನು ಕೂಸಿನ ಹತ್ತಿರ ಹೋಗಲಿಲ್ಲ. ಅಗ್ಗಿಷ್ಟಿಕೆಯ ಮುಂದೆ ಕುಳಿತು ಎರಡೂ ಅಂಗೈ ಕಾಸಿಕೊಂಡ.

“ಅದೇನ್ ಮಾಡಾಕತ್ತೀಯೋ?”

“ಕೈ ತಣ್ಣಗದಾವು. ಈದ ಆಕಳ ಸೈತ ತಣ್ಣನ್ನ ಕೈ ತಡಕೊಳ್ಳಂಗಿಲ್ಲ.”

ಅದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ವೀರವ್ವ ಮಗನ ಬೆನ್ನನ್ನೇ ನೋಡುತ್ತ ಕುಳಿತಳು.

ಆಮೇಲೆ ಅವಳು ಹೇಳುತ್ತ ಹೋದಳು, ಅವನು ಮಾಡುತ್ತ ಹೋದ. ಬೆಚ್ಚನೆಯ ನೀರಲ್ಲಿ ಅದ್ದಿದ ಅರಿವಿಯಿಂದ ಒರೆಸುವುದು. ಹೆಣ್ಣುಕೂಸು, ಮುಂದಿನಿಂದ ಹಿಂದಕ್ಕೇ ಒರೆಸಬೇಕು. ಆಮೇಲೆ ಒಣ ಅರಿವಿಯಿಂದ ಒತ್ತಬೇಕು, ತಿಕ್ಕಬಾರದು. “ತೊಡಿ ಸಂದ್ಯಾಗ ನೋಡು. ಅಲ್ಲಿ ಒಂದು ಹನಿ ನೀರು ಉಳಿದ್ರ ಸಂಜೀಕ ಕೆಂಪಾಕ್ಕೈತಿ.” ಎಣ್ಣೆಯ ಬೆರಳು ಆಡಿಸಿ, ಮಡಿಸಿದ ತುಂಡನ್ನು ಅಡಿಗಿಟ್ಟು, ತುದಿಗಳನ್ನು ಮೇಲೆ ತಂದು ಗಂಟು ಹಾಕುವುದು. ನೇಗಿಲು ಹಿಡಿವ ಆ ಬೆರಳುಗಳ ನಡುವೆ ಕೂಸಿನ ಪಾದ ಹುಣಸೆ ಬೀಜದಂತೆ ಕಳೆದುಹೋಗುತ್ತಿತ್ತು. ಅವನ ಹಣೆಯ ಮೇಲೆ ಬೆವರು ಮೂಡಿತು. ಕಡೆಗೆ ಅವನು ಹಾಕಿದ ಗಂಟು ನೋಡಿ, ಕೈ ನೋವಿನಲ್ಲೂ ವೀರವ್ವನಿಗೆ ನಗು ಬಂತು.

“ಅದು ಎತ್ತಲ್ಲೋ ಖೋಡಿ. ಹೊಟ್ಟಿ ಬಿಗೀತೈತಿ. ಎರಡು ಬೆರಳು ಆಡುವಂಗ ಕಟ್ಟು.”

ಬಿಚ್ಚಿ ಮತ್ತೆ ಕಟ್ಟಿದ. ಕೂಸು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು. ಅವನು ಅಲ್ಲೇ ಮಂಡಿಯೂರಿ ಕುಳಿತು ಅದರ ಮುಖವನ್ನು ಬಹಳ ಹೊತ್ತು ನೋಡಿದ. ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಮರುದಿನದ ಹೊತ್ತಿಗೆ ಮೂಲೆಯ ಬುಟ್ಟಿಯಲ್ಲಿ ಮೈಲಿಗೆ ಅರಿವಿಯ ಗುಡ್ಡೆ ಬೆಳೆದಿತ್ತು. ಹಿತ್ತಿಲ ಬಾವಿಯ ನೀರು ಮಳೆಗೆ ಕದಡಿ ಕೆಂಪಾಗಿತ್ತು. ಬಸವಣ್ಣೆಪ್ಪ ಅರಿವಿಗಳನ್ನು ಬೂದಿನೀರಲ್ಲಿ ಕುದಿಸಿ, ಬುಟ್ಟಿಗೆ ತುಂಬಿ, ಮಳೆಗೆ ತಲೆಯ ಮೇಲೆ ಗೋಣಿಯ ಕೊಪ್ಪೆ ಹಾಕಿಕೊಂಡು ಹೊರಟ. ಊರ ಮೇಲುಗಡೆ ಬಂಡೆಯ ಸಂದಿಯಿಂದ ತಿಳಿನೀರು ಹರಿಯುವ ಒಂದು ಝರಿ. ಗದ್ದೆಗೆ ಇಳಿಯುವ ಮೊದಲು ಹೆಂಗಸರು ಒಗೆಯುವ ಜಾಗ ಅದು.

“ಕತ್ತಲಾಗಲೋ ತಮ್ಮಾ, ಯಾರೂ ಇರಂಗಿಲ್ಲ. ಆವಾಗ ಹೋಗು” ಎಂದಳು ವೀರವ್ವ. ಅವಳಿಗೆ ಒಳಗೊಳಗೇ ಅಳುಕು. ಮನೆತನಸ್ಥರ ಮಗ, ಹತ್ತು ಮಂದಿ ಹೆಂಗಸರ ನಡುವೆ ಕುಕ್ಕರಗಾಲಲ್ಲಿ ಕುಳಿತು ಕೂಸಿನ ಹೇಲುಚ್ಚೆ ಒಗೆಯುವುದೆಂದರೆ!

“ಕತ್ತಲದಾಗ ಅರಿವಿ ಮ್ಯಾಲಿನ ಕಲಿ ಕಾಣಂಗಿಲ್ಲಬೇ” ಎಂದಷ್ಟೇ ಹೇಳಿ ಅವನು ಹೋದ.

ಅಲ್ಲಿ ಆದದ್ದನ್ನು ಸಂಜೆ ಹಾಲು ಕೊಡಲು ಬಂದ ಉಡಚವ್ವ ಹೇಳಿದಳು. ಬಸವಣ್ಣೆಪ್ಪನನ್ನು ಕಂಡದ್ದೇ ಹೆಂಗಸರು ಕೈಯಲ್ಲಿದ್ದದ್ದನ್ನು ಬಿಟ್ಟು ನಿಂತರಂತೆ. ಆಮೇಲೆ ಸೆರಗು ಬಾಯಿಗೆ ಒತ್ತಿ ನಗತೊಡಗಿದರಂತೆ. ಬಾಯಿಬಡಿಕಿ ಶಾರವ್ವ ಸುಮ್ಮನಿರುವವಳಲ್ಲ. “ಯಣ್ಣಾ, ಹಡದಾವ್ರು ನೀವೋ ವೈನಿಯೋ?” ಎಂದು ಕೇಳಿಯೇಬಿಟ್ಟಳಂತೆ.

“ಅದಕ್ಕ ಇವ ಏನಂದ?” ವೀರವ್ವ ಮುಂದಕ್ಕೆ ಬಾಗಿ ಕೇಳಿದಳು.

“ತಲಿ ಎತ್ತಲಿಲ್ಲ ನೋಡ್ರಿ. ಅರಿವಿ ಬಡಕೊಂತನ, ‘ದನದ ಸೆಗಣಿ ಉಚ್ಚಿ ದಿನಾ ಬಳೀತೇನಿ ತಂಗಿ. ಆವಾಗ ಯಾರೂ ನಕ್ಕಿಲ್ಲ. ಮಗಳದು ಅದಕ್ಕಿಂತ ಹೊಲಸೇನು?’ ಅಂದ್ರು. ಶಾರವ್ವನ ಬಾಯಿ ಬಂದ್ ಆತು. ಆದ್ರ ಯತ್ತಿ, ಒಗ್ಯಾದು ಮಾತ್ರ ಬರಂಗಿಲ್ಲ ನೋಡ್ರಿ ಅಣ್ಣಾರಿಗೆ. ಕಲ್ಲ ಒಡಿಯುವಂಗ ಬಡಿತಿದ್ರು. ಅರಿವಿ ಹರಿತಾವು, ಹಿಂಗಲ್ಲ ಅಂತ ನಾನ ತೋರಿಸಿದೆ.”

ಒಗೆದದ್ದೇನೋ ಆಯಿತು. ಒಣಗಿಸುವುದು ಎಲ್ಲಿ? ಬಿಸಿಲೆಂಬುದನ್ನು ಕಂಡು ಎಷ್ಟೋ ದಿನವಾಗಿತ್ತು. ಗೋಡೆ ತೇವ, ನೆಲ ತೇವ, ಹಗ್ಗದ ಮೇಲಿನ ಅರಿವಿ ಸಂಜೆಯ ತನಕ ಹಾಕಿದ ಹಾಗೇ ಇರುತ್ತಿತ್ತು. ವೀರವ್ವ ಬುಟ್ಟಿ ಬೋರಲು ಹಾಕಿ, ಅಡಿಗೆ ಕೆಂಡವಿಟ್ಟು, ಮೇಲೆ ಅರಿವಿ ಹರವುವುದನ್ನು ಹೇಳಿಕೊಟ್ಟಳು. ಮೊದಲ ದಿನವೇ ಒಂದು ಸುಟ್ಟು ಕರಕಾಯಿತು. ಅರಿವಿಗೆ ಬರವಿದ್ದ ಆ ಕಾಲದಲ್ಲಿ ಅದು ಸಣ್ಣ ಹಾನಿಯಲ್ಲ. ಬಸವಣ್ಣೆಪ್ಪ ತಲೆ ಓಡಿಸಿ, ಅಡುಗೆ ಒಲೆಯ ಮೇಲಿನ ಅಟ್ಟದ ಕೆಳಗೆ ಬಿದಿರು ಕಟ್ಟಿದ. ಒಲೆಯ ಕಾವು ದಿನವಿಡೀ ಮೇಲೇರುವ ಜಾಗ. ಸಂಜೆಗೆ ಅರಿವಿಗಳೆಲ್ಲ ಗರಿಗರಿ. ಅವನ ಮುಖದಲ್ಲಿ ಗೆಲುವು ಕಂಡು ವೀರವ್ವನೂ ಹೊಗಳಿದಳು.

ಮರುದಿನ ಮಧ್ಯಾಹ್ನ ಕೂಸು ಕಿರುಚಿಕೊಂಡಿತು. ಹಸಿವಿನ ಅಳುವಲ್ಲ, ತೊಯ್ದ ಅಳುವಲ್ಲ. ಈ ಕೂಸಿನ ಅಂಥ ಅಳು ವೀರವ್ವ ಕೇಳಿರಲಿಲ್ಲ. ಬಸವಣ್ಣೆಪ್ಪ ಕೊಟ್ಟಿಗೆಯಿಂದ ಓಡಿಬಂದು ಅರಿವಿ ಬಿಚ್ಚಿದ. ತೊಡೆ, ಕುಂಡೆ ಎಲ್ಲ ಕೆಂಪು ಕೆಂಪು. ಇರುವೆ ಕಚ್ಚಿತೋ ಎಂದು ಕೊಡವಿ ನೋಡಿದ, ಏನೂ ಇಲ್ಲ. ವೀರವ್ವ ಆ ಅರಿವಿಯನ್ನು ಇಸಿದುಕೊಂಡು ಮೂಸಿದಳು. ಅನುಮಾನ ಬಂತು. ತುಟಿಗೆ ಮುಟ್ಟಿಸಿದಳು. ಚುರ್ರೆಂದಿತು.

“ಅಟ್ಟದ ಮ್ಯಾಲೆ ಏನೈತೋ ಬಸಣ್ಣಾ?”

ಅಟ್ಟದ ಮೇಲೆ ಬ್ಯಾಡಗಿ ಮೆಣಸಿನಕಾಯಿಯ ಚೀಲವಿತ್ತು. ಮಳೆಗಾಲಕ್ಕೆ ತಂಪು ಹಿಡಿಯದಿರಲೆಂದು ಪ್ರತಿ ವರ್ಷ ಅಲ್ಲೇ ಇಡುತ್ತಿದ್ದರು. ಹಲಗೆಯ ಸಂದಿಯಿಂದ ಅದರ ಧೂಳು ನವಿರಾಗಿ ಉದುರಿ ಅರಿವಿಗಳ ಮೇಲೆ ಕುಳಿತಿತ್ತು.

ಬಸವಣ್ಣೆಪ್ಪ ನೀರೊಲೆಗೆ ಓಡಿದ. ಬೆಚ್ಚನೆಯ ನೀರು ತಂದು ಕೂಸನ್ನು ಮತ್ತೆ ಮತ್ತೆ ತೊಳೆದ. ಆಗತಾನೆ ತೆಗೆದ ಬೆಣ್ಣೆಯನ್ನು ವೀರವ್ವ ಹೇಳಿದಂತೆ ತೆಳ್ಳಗೆ ಸವರಿದ. ಬಿಕ್ಕಳಿಸುವ ಕೂಸನ್ನು ತೋಳ ಮೇಲೆ ಹಾಕಿಕೊಂಡು ಅತ್ತಿಂದಿತ್ತ ತಿರುಗಿದ. ಅದು ಮಲಗಿದ ಮೇಲೆ ಕೊಟ್ಟಿಗೆಗೆ ಹೋಗಿ ಎತ್ತಿನ ಪಕ್ಕ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ವೀರವ್ವ ಹುಡುಕಿಕೊಂಡು ಹೋದಳು.

“ಗಂಡಸರ ಕೆಲಸ ಅಲ್ಲ ಅಂತ ಇದಕ್ಕನ ಅಂತಾರೇನೋ ಬೇ” ಎಂದ.

“ಹುಚ್ಚಪ್ಯಾಲಿ. ನಿನ್ನ ಹಿರಿ ಅಕ್ಕನ್ನ ನಾ ಕಾದ ನೀರಾಗ ಎರದು ಬೊಬ್ಬಿ ಎಬ್ಬಿಸಿದ್ದೆ. ಹಂಗಂತ ನಮ್ಮತ್ತಿ ಹೆಂಗಸರ ಕೆಲಸ ಅಲ್ಲ ಅಂದಳೇನು? ನೀರಾಗ ಮೊದ್ಲ ಮೊಳಕೈ ಅದ್ದಿ ನೋಡು ಅಂದ್ಲು. ನೀನೂ ಇನ್ನ ಮ್ಯಾಲೆ ನೋಡಿ ಹಾಕು.”

ಅವನ ಅಂಗೈಗೆ ಜಡ್ಡುಗಟ್ಟಿತ್ತು. ತೇವ, ಒಣ, ಒರಟು, ನುಣುಪು ಯಾವುದೂ ಅದಕ್ಕೆ ತಿಳಿಯುತ್ತಿರಲಿಲ್ಲ. ಅಂದಿನಿಂದ ಪ್ರತಿಯೊಂದು ಅರಿವಿಯನ್ನೂ ಅವನು ತುಟಿಗೆ ಒತ್ತಿ ನೋಡಿಯೇ ಕೂಸಿಗೆ ಕಟ್ಟತೊಡಗಿದ. ಬೂದಿಯ ಕ್ಷಾರ ಉಳಿದಿದ್ದರೆ ತುಟಿಗೆ ತಿಳಿಯುತ್ತಿತ್ತು, ಮತ್ತೆ ಝರಿಗೆ ಹೋಗುತ್ತಿದ್ದ. ತಂಪು ಉಳಿದಿದ್ದರೆ ಮತ್ತೆ ಕಾವಿಗೆ ಹಿಡಿಯುತ್ತಿದ್ದ. ಮೆಣಸಿನಕಾಯಿಯ ಚೀಲ ಅಂದೇ ಪಡಸಾಲೆಗೆ ಇಳಿಯಿತು. ಅಟ್ಟದ ಹಲಗೆಗಳನ್ನು ಬಿಸಿನೀರಿಂದ ತೊಳೆದ.

ಆದರೆ ಕೂಸಿನ ಮೈ ಅಷ್ಟು ಬೇಗ ಮಾಯಲಿಲ್ಲ. ಉರಿದ ಚರ್ಮ ಅಲ್ಲಲ್ಲಿ ಸುಲಿದು ಹಸಿಹಸಿಯಾಯಿತು. ಖಾರ ಕುಡಿದ ಅರಿವಿಗಳು ಎಷ್ಟು ಒಗೆದರೂ ನಂಬುವಂತಿರಲಿಲ್ಲ. ಅವನ್ನು ಬಿಟ್ಟರೆ ಉಳಿದವು ಕೆಲವೇ ಕೆಲವು. ವೀರವ್ವ ಉಟ್ಟ ಸೀರೆ, ಹಾಲವ್ವನ ಸೀರೆ ಬಿಟ್ಟರೆ ಹೆಂಗಸರದೆಂದು ಮನೆಯಲ್ಲಿ ಹರಿಯಲು ಇನ್ನೇನೂ ಇರಲಿಲ್ಲ. ರೇಷನ್ನಿನ ಬಟ್ಟೆಯ ಒಂದು ತುಂಡಿತ್ತು. ಬಸವಣ್ಣೆಪ್ಪ ಅದನ್ನು ತುಟಿಗೆ ಉಜ್ಜಿ ನೋಡಿ, “ಇದು ಬ್ಯಾಡ” ಎಂದು ಪಕ್ಕಕ್ಕಿಟ್ಟ. ಕೂಸು ಕಾಲು ಮಡಚಿಕೊಂಡು ನರಳುತ್ತಿತ್ತು. ವೀರವ್ವನಿಗೆ ಹಿಂದಿನದೆಲ್ಲ ನೆನಪಾಯಿತು. ಅವಳು ಹೆತ್ತವರಲ್ಲಿ ಒಂದು ಇಂಥದೇ ಮಳೆಗಾಲದಲ್ಲಿ, ಇಂಥದೇ ಹುಣ್ಣಿನಲ್ಲಿ ಸೊರಗಿ ಹೋಗಿತ್ತು. ಅದನ್ನು ಮಗನಿಗೆ ಹೇಳಲಿಲ್ಲ.

ಬಸವಣ್ಣೆಪ್ಪ ನಿಂತಲ್ಲೇ ನಿಂತಿದ್ದವನು ತಲೆಗೆ ಕೈ ಹಾಕಿ ರುಮಾಲು ಬಿಚ್ಚಿದ.

ಆ ರುಮಾಲು ಅವನ ತಂದೆಯದು. ತಂದೆ ತೀರಿದ ಮೇಲೆ ಹಿರಿಯರೆಲ್ಲ ಕೂಡಿದ್ದಾಗ ದೊಡ್ಡಪ್ಪ ಮಹಾಲಿಂಗಪ್ಪ ತನ್ನ ಕೈಯಾರೆ ಅವನ ತಲೆಗೆ ಸುತ್ತಿದ್ದು. ಮನೆತನದ ಯಜಮಾನಿಕೆ ಅವನಿಗೆ ಬಂತೆಂಬ ಗುರುತು. ಹಳೆಯ ಕಾಲದ ನೂಲು. ವರ್ಷಗಟ್ಟಲೆ ಒಗೆದು ಒಗೆದು ಹಾಲಿನ ಕೆನೆಯಂತಾಗಿತ್ತು. ಬಸವಣ್ಣೆಪ್ಪ ಅದರ ತುದಿಯನ್ನು ತುಟಿಗೆ ಒತ್ತಿ ನೋಡಿದ. ಆಮೇಲೆ ತಾಯಿಯ ಮುಂದೆ ಹಿಡಿದ.

“ಇದಕ್ಕಿಂತ ಮೆತ್ತಂದು ಈ ಊರಾಗ ಸಿಗಂಗಿಲ್ಲ. ನೀ ಹೂಂ ಅಂದ್ರ ಹರಿತೇನಿ.”

ವೀರವ್ವ ಅದನ್ನು ಮುಟ್ಟಿದಳು. ಗಂಡನ ತಲೆಯ ಮೇಲೆ ಅದು ಇದ್ದ ದಿನಗಳು ಕಣ್ಣ ಮುಂದೆ ಹಾದುಹೋದವು. ಒಳಗಿನಿಂದ ಕೂಸು ಮತ್ತೆ ನರಳಿತು.

“ಹರಿ” ಎಂದಳು.

ಉದ್ದನೆಯ ರುಮಾಲು. ಬಸವಣ್ಣೆಪ್ಪ ಅದನ್ನು ಚರ್ರನೆ ಹರಿದ. ಆಮೇಲೆ ಲೆಕ್ಕವಿಲ್ಲದಷ್ಟು ತುಂಡುಗಳು ರಾಶಿ ಬಿದ್ದವು. ಅವನ್ನು ಒಗೆದು, ಕುದಿಸಿ, ಒಣಗಿಸಿ ತಂದು ಕೂಸಿಗೆ ಕಟ್ಟಿದಾಗ, ಅದು ಎಷ್ಟೋ ಹೊತ್ತಿನ ಮೇಲೆ ಕಾಲು ಚಾಚಿ ಮಲಗಿತು.

ಸುದ್ದಿ ಓಡಲು ಮಳೆ ಅಡ್ಡಿಯಾಗಲಿಲ್ಲ. ಬಸವಣ್ಣೆಪ್ಪ ಬರಿತಲೆಯಲ್ಲಿ ಗದ್ದೆಗೆ ಹೋದ, ಬರಿತಲೆಯಲ್ಲಿ ಝರಿಗೆ ಹೋದ. ಬೇರೆ ಕೊಳ್ಳೋಣವೆಂದರೆ ಅಂಗಡಿಯಲ್ಲಿ ಬಟ್ಟೆಯಿಲ್ಲ. ಬರಿತಲೆಯೆಂದರೆ ಸಾವಿನ ಮನೆಯ ಗುರುತು. ಕಂಡವರು ‘ಮನ್ಯಾಗ ಯಾರರ ಹೋದ್ರೇನು?’ ಎಂದು ಗಾಬರಿಯಿಂದ ಕೇಳುವರು. ಮೂರನೆಯ ದಿನ ಮಹಾಲಿಂಗಪ್ಪ ಕೊಡೆ ಊರಿಕೊಂಡು ಬಂದು ಪಡಸಾಲೆಯಲ್ಲಿ ನಿಂತ. ಕೂಡ್ರಿ ಅಂದರೆ ಕೂಡಲಿಲ್ಲ.

“ಕೇಳಿದ್ದು ಖರೇನೇನು? ನನ್ನ ತಮ್ಮನ ರುಮಾಲ ಹರದು ಕೂಸಿನ ಕುಂಡಿಗೆ ಕಟ್ಟೀಯಂತ?”

“ಖರೇ ಐತಿ ದೊಡ್ಡಪ್ಪಾ.”

“ನಾಚಿಗಿ ಬರಂಗಿಲ್ಲ? ನಾಕು ಮಂದ್ಯಾಗ ನಾ ನನ್ನ ಕೈಲೆ ಕಟ್ಟಿದ ರುಮಾಲ ಅದು! ಹೆಂಗಸರ ಸರಿ ಕುಂತು ಅರಿವಿ ಒಗೀತಿ, ಬೋಳ ತಲೀಲೆ ಊರಾಗ ಅಡ್ಡಾಡತಿ. ನಮ್ಮ ಮನೆತನದ ಮರ್ಯಾದಿ ಏನ ಉಳೀತು?”

ಬಸವಣ್ಣೆಪ್ಪ ತಲೆ ತಗ್ಗಿಸಿ ನಿಂತಿದ್ದ. ಹಿರಿಯರಿಗೆ ಎದುರಾಡುವ ಮಗನಲ್ಲ ಅವನು. ಅವನ ಹೆಗಲ ಮೇಲೆ ಆಗತಾನೆ ಒಣಗಿದ ಎರಡು ತುಂಡುಗಳಿದ್ದವು. ಅವನ್ನು ಅವನು ಒಂದು ಕೈಯಿಂದ ಒತ್ತಿ ಹಿಡಿದುಕೊಂಡಿದ್ದ. ನಡುಮನೆಯ ಬಾಗಿಲ ಹಿಂದಿನಿಂದ ಅದನ್ನು ನೋಡುತ್ತಿದ್ದ ವೀರವ್ವನಿಗೆ ಏನಾಯಿತೋ. ಮದುವೆಯಾಗಿ ಬಂದಂದಿನಿಂದ ಭಾವನ ಎದುರು ಸೆರಗು ಸರಿಸಿದವಳಲ್ಲ, ಬಾಗಿಲಾಚೆ ದನಿ ತೆಗೆದವಳಲ್ಲ. ಈಗ ಹೊರಗೆ ಬಂದಳು.

“ಭಾವಾರ, ಹರಿ ಅಂದಾಕಿ ನಾನರಿ. ಅವಗ ಅನ್ನಬ್ಯಾಡ್ರಿ.”

ಮಹಾಲಿಂಗಪ್ಪ ದಂಗಾಗಿ ನೋಡಿದ.

“ನಿಮ್ಮ ತಮ್ಮಾರು ಭಾಳ ದೊಡ್ಡ ಮನಷ್ಯಾರು. ಆ ರುಮಾಲ ಸುತ್ತಿಕೊಂಡು ಊರ ನ್ಯಾಯ ಹೇಳಿದ್ರು, ಹೌದು. ಆದ್ರ ಆ ತಲಿ ಒಮ್ಮೆರ ಈ ಮನಿ ತೊಟ್ಟಲಕ್ಕ ಬಗ್ಗಲಿಲ್ಲರಿ. ನನ್ನ ಮಗಳು ಇಂಥಾದ ಮಳ್ಯಾಗ ಮೈ ಸುಲದು ಹೋದಾಗ ನಾ ಒಬ್ಬಾಕಿನ ಇದ್ದೆ. ಅವ್ರು ಪಡಸಾಲ್ಯಾಗಿದ್ರು. ಅವರ ತಪ್ಪಲ್ಲ, ಒಳಗ ಬರಬೇಕು ಅಂತ ಯಾರೂ ಅವ್ರಿಗೆ ಹೇಳಿರಲಿಲ್ಲ. ಇವಗೂ ಯಾರೂ ಹೇಳಿಲ್ಲ. ತಾನ ಬಂದ. ನಿಮ್ಮ ತಮ್ಮಾರ ರುಮಾಲ ಈಗ ಅವರ ಮೊಮ್ಮಗಳನ್ನ ಉಳಿಸ್ಕೊಳ್ಳಾಕತ್ತೈತಿ. ಇದಕ್ಕಿಂತ ಮರ್ಯಾದಿ ಇನ್ನೇನ್ ಬೇಕ್ರಿ ಅದಕ್ಕ?”

ಮಹಾಲಿಂಗಪ್ಪ ಕೊಡೆ ಬಿಚ್ಚಿ ಮಳೆಗೆ ಇಳಿದ. ಸೋತೆ ಎಂದು ಹೇಳುವ ಮನುಷ್ಯನಲ್ಲ ಅವನು. ಬಹಳ ದಿನ ಆ ಮನೆಯ ಕಟ್ಟೆ ಹತ್ತಲಿಲ್ಲ. ಆದರೆ ಊರಲ್ಲಿ ಯಾರಾದರೂ ಆ ಮಾತು ಎತ್ತಿದರೆ, “ಅದು ನಮ್ಮ ಮನಿ ಸುದ್ದಿ, ನಿಮಗ್ಯಾಕ?” ಎಂದು ಗದರುತ್ತಿದ್ದನಂತೆ.

ದಿನಗಳು ಉರುಳಿದವು. ಕೂಸಿನ ಮೈಯ ಕೆಂಪು ಮೊದಲು ತಿಳಿಯಾಯಿತು, ಆಮೇಲೆ ಒಣಗಿತು, ಕಡೆಗೆ ಹೊಸ ಚರ್ಮ ಬಂದು ಮಾವಿನ ಚಿಗುರಿನಂತೆ ಹೊಳೆಯಿತು. ಬಸವಣ್ಣೆಪ್ಪನ ಕೈ ಈಗ ಪಳಗಿತ್ತು. ಕೂಸು ತೊಯ್ಸಿಕೊಳ್ಳುವ ಮೊದಲೇ ಅದರ ಮುಖದಲ್ಲಿ ಬರುವ ಬಿಗಿ ಅವನಿಗೆ ಗೊತ್ತಾಗುತ್ತಿತ್ತು. ಮೀಸುವಾಗ ಕಾಲು ಚಾಚಿ ಕುಳಿತು, ಮೊಣಕಾಲಿನ ಮೇಲೆ ಬೋರಲು ಮಲಗಿಸಿ, ಕಡಲೆಹಿಟ್ಟಿನಿಂದ ಎಣ್ಣೆ ತೆಗೆದು, ಕಿವಿಗೆ ನೀರು ಹೋಗದ ಹಾಗೆ ಅಂಗೈ ಅಡ್ಡ ಹಿಡಿದು ಎರೆಯುತ್ತಿದ್ದ. ಕತ್ತಿನ ಮಡಿಕೆ, ಕಂಕುಳು, ಬೆರಳ ಸಂದಿ ಎಲ್ಲವನ್ನೂ ಒರೆಸಿ, ಲೋಬಾನದ ಹೊಗೆ ದೂರದಿಂದ ತಾಗಿಸಿ, ಕೌದಿಯಲ್ಲಿ ಸುತ್ತಿ ಇಟ್ಟರೆ ಕೂಸು ಆಕಳಿಸಿ ಕಣ್ಣು ಮುಚ್ಚುತ್ತಿತ್ತು. ಈಗ ವೀರವ್ವ ಹೇಳಿಕೊಡುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಎಷ್ಟು ಮಕ್ಕಳನ್ನು ಎರೆದವಳು ಅವಳು! ಆದರೂ ಆ ದೊಡ್ಡ ಕೈಗಳು ಅಷ್ಟು ಮೆಲ್ಲಗೆ ಆಡುವುದನ್ನು ನೋಡಿದಷ್ಟೂ ಅವಳಿಗೆ ಸಾಲದು.

ಝರಿಯಲ್ಲಿ ಈಗ ಹೆಂಗಸರು ಅವನಿಗೆ ಒಂದು ಕಲ್ಲು ಬಿಟ್ಟುಕೊಡುತ್ತಿದ್ದರು. ಒಂದು ದಿನ ಶಾರವ್ವನೇ ಹಿತ್ತಿಲ ಬಾಗಿಲಿಗೆ ಬಂದು, “ಯಣ್ಣಾ, ನಮ್ಮ ಹುಡುಗನ ತೊಡಿನೂ ಕೆಂಪಾಗೇತ್ರಿ. ನಿಮ್ಮ ಕೂಸಿಗೆ ಏನ್ ಹಚ್ಚಿದ್ರಿ?” ಎಂದು ಕೇಳಿದಳು. ಅವನು ನಗಲಿಲ್ಲ, ಹಳೆಯ ಮಾತು ಎತ್ತಲಿಲ್ಲ. ಅರಿವಿಯನ್ನು ಎಷ್ಟು ಜಾಲಿಸಬೇಕು, ಹೇಗೆ ಕಾಸಬೇಕು ಎಂದು ಹೇಳಿ, ಒಂದು ಬಟ್ಟಲಲ್ಲಿ ಬೆಣ್ಣೆ ಕೊಟ್ಟು ಕಳಿಸಿದ.

ಶ್ರಾವಣ ಹೊಕ್ಕ ಮೇಲೆ ಹಾಲವ್ವನ ಜ್ವರ ಇಳಿಯಿತು. ಬಿಳಿಚಿಕೊಂಡು ಬತ್ತಿಹೋಗಿದ್ದಳು. ಎದ್ದು ಕೂಡುವಷ್ಟು ಶಕ್ತಿ ಬಂದ ಕೂಡಲೇ, “ಕೂಸನ್ನ ನಾ ಎರೀತೇನಿ ಅತ್ತೀ” ಎಂದಳು. ಬಚ್ಚಲಲ್ಲಿ ಮಣೆ ಹಾಕಿ ಕೂಡಿಸಿ, ಮಗಳನ್ನು ಅವಳ ಕಾಲ ಮೇಲೆ ಮಲಗಿಸಿದರು. ಆದರೆ ಕೈಯಲ್ಲಿ ಬಲವಿರಲಿಲ್ಲ, ಮೊದಲ ತಂಬಿಗೆ ನೀರು ಮುಖದ ಮೇಲೇ ಬಿತ್ತು. ಕೂಸು ಹೌಹಾರಿ ಚೀರಿತು. ಬಸವಣ್ಣೆಪ್ಪ ಓಡಿಬಂದು ಎತ್ತಿಕೊಂಡ. ಅವನ ಹೆಗಲಿಗೆ ಮುಖ ತಾಗಿದ್ದೇ ತಡ, ಅಳು ನಿಂತಿತು.

ಹಾಲವ್ವ ಗೋಡೆಗೆ ಹಣೆ ಹಚ್ಚಿದಳು. “ನಾ ಹಡದದ್ದು ಅಷ್ಟ ಬಂತ್ರಿ ಅತ್ತೀ. ನನ್ನ ಕೂಸಿಗೆ ನನ್ನ ಗುರ್ತನ ಇಲ್ಲ” ಎಂದು ಬಿಕ್ಕಿದಳು. ಬಸವಣ್ಣೆಪ್ಪ ಕೂಸನ್ನು ಹಿಡಿದು ನಡುಮನೆಯಲ್ಲೇ ನಿಂತಿದ್ದ. ಕೇಳಿಸಿತೆಂದು ವೀರವ್ವನಿಗೆ ಅವನ ಮುಖ ನೋಡಿಯೇ ತಿಳಿಯಿತು.

ಮರುದಿನ ಬೆಳಗ್ಗೆ ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು ಮುಲುಗುತ್ತ ಒಳಗೆ ಬಂದ. “ಹಾಲವ್ವಾ, ನನ್ನ ನಡ ಹಿಡದೈತಿ. ಬಗ್ಗಾಕ ಬರವಲ್ದು. ಇವತ್ತ ನೀನ ನೋಡಬೇಕು.”

“ನನಗ ಬರಂಗಿಲ್ರಿ. ನಿನ್ನೆ ನೋಡಿದ್ರೆಲ್ಲ.”

“ಮೊದಲನೇ ದಿನ ನಾ ಎತ್ತಿನ ಗಂಟ ಹಾಕಿದ್ದೆ. ಅವ್ವನ್ನ ಕೇಳು.”

ಹಾಲವ್ವನ ತುಟಿಯ ಮೇಲೆ ನಗು ಅರ್ಧ ಮೂಡಿತು. ಅವನು ಬಚ್ಚಲ ಬಾಗಿಲಿಗೆ ಒರಗಿ ಕುಳಿತ. ಕೈ ಕಾಸಿಕೋ ಎಂದ. ಎಡ ಅಂಗೈ ಎದೆಯ ಅಡಿಗೆ ಕೊಡು, ಅಲ್ಲಿ ಹಿಡಿದರೆ ಅದಕ್ಕೆ ಧೈರ್ಯ ಎಂದ. ನೀರನ್ನು ಮೊದಲು ಪಾದಕ್ಕೆ ಹಾಕು, ಆಮೇಲೆ ಬೆನ್ನಿಗೆ ಎಂದ. ಅಷ್ಟು ಮಾತು ಅವನ ಬಾಯಿಂದ ಒಮ್ಮೆಲೇ ಬಂದದ್ದನ್ನು ವೀರವ್ವ ಕೇಳಿರಲೇ ಇಲ್ಲ. ಕೂಸು ಅತ್ತಿತು, ನಿಲ್ಲಿಸಿತು, ಮತ್ತೆ ಅತ್ತಿತು. ಎರಡು ಸಲ ಅವನ ಕೈ ತಾನಾಗಿ ಮುಂದೆ ಬಂತು. ಎರಡೂ ಸಲ ಅದನ್ನು ಹಿಂದೆ ತೆಗೆದುಕೊಂಡು ತೊಡೆಯ ಅಡಿಗೆ ಒತ್ತಿಕೊಂಡ. ಆಮೇಲೆ, “ಗದ್ದ್ಯಾಗ ಕಳೆ ತಗ್ಯಾಕತ್ತಾರ, ನೋಡ್ಕೊಂತ ಕುಂದ್ರತೇನಿ. ಸಂಜೀತನಾ ಬರಂಗಿಲ್ಲ” ಎಂದು ರೊಟ್ಟಿಯ ಗಂಟು ತೆಗೆದುಕೊಂಡು ಹೊರಟ.

ವೀರವ್ವ ಹಿತ್ತಿಲ ಬಾಗಿಲ ತನಕ ಬಂದಳು. ಬೇಲಿ ದಾಟಿದ ಮೇಲೆ ಮಗ ಸೊಂಟದಿಂದ ಕೈ ತೆಗೆದು ನೆಟ್ಟಗಾದ. ಒಳಗೆ ಕೂಸು ಅಳುವ ದನಿ ಮತ್ತೆ ಕೇಳಿತು. ಅವನು ಗಕ್ಕನೆ ನಿಂತ. ಹೆಗಲು ಇತ್ತ ತಿರುಗಿತು, ಕಾಲು ತಿರುಗಲಿಲ್ಲ. ಬೇಲಿಗೆ ಒರಗಿಸಿದ್ದ ಗುದ್ದಲಿ ಹೆಗಲಿಗೇರಿಸಿ ಮಳೆಯಲ್ಲಿ ಹೊರಟುಹೋದ. ಹೆಂಗಸರ ನಗೆಯ ನಡುವೆ ಅರಿವಿ ಒಗೆದದ್ದು, ತಂದೆಯ ರುಮಾಲು ಹರಿದದ್ದು ದೊಡ್ಡದೆಂದೇ ಅವಳು ತಿಳಿದಿದ್ದಳು. ಅವೆಲ್ಲಕ್ಕಿಂತ ಇದು ಕಠಿಣ ಎಂದು ಅವಳ ಹೆತ್ತ ಕರುಳಿಗೆ ಗೊತ್ತಾಯಿತು. ಇಂಥವನನ್ನು ಹೆತ್ತೆನೆಂದು ಅವಳ ಎದೆ ತುಂಬಿ ಬಂತು.

ಸಂಜೆ ಅವನು ಬಂದು ಕಾಲು ತೊಳೆಯುವ ಹೊತ್ತಿಗೆ ಹಾಲವ್ವ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ನಡುಮನೆಯಲ್ಲಿ ಕುಳಿತಿದ್ದಳು. ಸೀರೆಯ ಮುಂಭಾಗವೆಲ್ಲ ತೊಯ್ದಿತ್ತು, ಮುಖ ಅರಳಿತ್ತು.

“ರೀ, ಈಕಿ ಎಂಥಾ ಕಳ್ಳಿ ಅದಾಳ ಗೊತ್ತೇನ್ರಿ? ಹಸನ ಮಾಡಿ ಒಣಾ ಅರಿವಿ ಕಟ್ಟೋತನಾ ಸುಮ್ನಿರ್ತಾಳ. ಕಟ್ಟಿ ಎತ್ತಿಕೊಂಡ ಕೂಡ್ಲೆ ಮೈಮ್ಯಾಲ ಹೊಯ್ತಾಳ್ರಿ!”

“ಹೌದಾ?” ಎಂದ ಬಸವಣ್ಣೆಪ್ಪ, ಅದನ್ನು ಆಗಷ್ಟೇ ಮೊದಲ ಸಲ ಕೇಳುತ್ತಿರುವವನಂತೆ, ಹೆಂಡತಿಯ ಎದುರು ಕುಳಿತು ಕಣ್ಣರಳಿಸಿ ನೋಡುತ್ತ.